ಎರಡು ಸಲ ತಟ್ಟಿದರೆ ಬಿಡಬೇಕು

ಪಲ್ಲಾವರಂ
12 ಜನವರಿ 2025

ಮಾಸ್ಟರ್ ಭೋಜರಾಜ ಅವರಿಗೆ, ಶರಣು.

ವೀರೇಶನ ಕೈಯಲ್ಲಿ ನೀವು ಕಳಿಸಿದ ಹಣ್ಣಿನ ಬುಟ್ಟಿ ತಲುಪಿತು. ದ್ರಾಕ್ಷಿ ಹುಳಿಯಿತ್ತು. ಅವ್ವ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ನಿಮ್ಮ ಕರಾಟೆ ಕ್ಲಾಸಿನಲ್ಲಿ ಹೊಸ ಬೆಲ್ಟ್ ಸಿಕ್ಕವರು ತಂತಮ್ಮ ತಾಯ್ನುಡಿಯಲ್ಲಿ ನಿಮಗೊಂದು ಪತ್ರ ಬರೆಯುವ ಪದ್ಧತಿ ಇದೆಯಲ್ಲ. ಈ ಸಲ ನನಗೆ ಬೆಲ್ಟ್ ಸಿಕ್ಕಿಲ್ಲ, ಬಲ ಮೊಳಕೈಗೆ ಸ್ಟೀಲ್ ಪ್ಲೇಟು ಸಿಕ್ಕಿದೆ. ಅದರ ಲೆಕ್ಕದಲ್ಲಿ ಈ ಪತ್ರ. ಫೋನಿನಲ್ಲಿ ಮಾತಾಡಲಾರೆ. ನಿಮ್ಮ ದನಿ ಕೇಳಿದರೆ ಇವತ್ತಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಆಮೇಲೆ ಸಿಟ್ಟು ಮಾಡಲು ಬರುವುದಿಲ್ಲ. ಎಡಗೈ ಬರಹ ಇದು, ಕಷ್ಟಪಟ್ಟು ಓದಿಕೊಳ್ಳಿ.

ಏನಾಯಿತೆಂದು ವೀರೇಶನನ್ನು ಕೇಳಿದಿರಂತೆ. ನನ್ನಿಂದಲೇ ಕೇಳಿ. ಹೋದ ತಿಂಗಳು ಒಂದು ಶುಕ್ರವಾರ ಪೆರುಂಗುಡಿಯ ಆಫೀಸಿನಿಂದ ಬೇಗ ಹೊರಟು, ಇಲ್ಲಿನ ಸಂತೆಯಲ್ಲಿ ತರಕಾರಿ ಕೊಂಡು, ಸ್ಕೂಟರ್ ನಿಲ್ಲಿಸಿದ್ದ ಓಣಿಗೆ ಬಂದೆ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಹಿಂದಿನಿಂದ ಬಂದ ಒಬ್ಬ ನನ್ನ ಬಲಗೈ ಮಣಿಕಟ್ಟು ಹಿಡಿದ. ಕ್ಲಾಸಿನ ಪ್ರದರ್ಶನಗಳಲ್ಲಿ ವೇದಿಕೆಯ ಮೇಲೆ ವೀರೇಶ ಹಿಡಿಯುತ್ತಿದ್ದನಲ್ಲ, ಅದೇ ಜಾಗ. ನನಗೆ ಹೆದರಿಕೆಯೇ ಆಗಲಿಲ್ಲ. ನೀವು ಕಲಿಸಿದ ಪಟ್ಟು ಹಾಕಿ ತಿರುವಿದೆ. ಅವನು ಬಗ್ಗಿದ. ಮಂಡಿ ನೆಲಕ್ಕೆ ತಾಗಿತು. ಎಷ್ಟು ಹೆಮ್ಮೆಯಾಯಿತೆಂದರೆ ಆ ಗಳಿಗೆಯಲ್ಲಿ ನಿಮ್ಮನ್ನು ನೆನೆದೆ.

ಆಗ ಅವನು ನೋವಿಗೆ ನನ್ನ ಸ್ಕೂಟರ್ ಸೀಟಿನ ಮೇಲೆ ಅಂಗೈಯಿಂದ ಎರಡು ಸಲ ಬಡಿದ. ನಾನು ಬಿಟ್ಟುಬಿಟ್ಟೆ, ಮಾಸ್ಟರ್.

ಬಿಟ್ಟದ್ದಷ್ಟೇ ಅಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ತೊಡೆಯ ಪಕ್ಕಕ್ಕೆ ತಂದು, ತಲೆ ಬಗ್ಗಿಸಿ ವಂದಿಸಿದೆ. ಇಷ್ಟು ವರ್ಷ ಕ್ಲಾಸಿನಲ್ಲಿ ಎದುರಾಳಿ ಎರಡು ಸಲ ತಟ್ಟಿದಾಗ ಏನು ಮಾಡುತ್ತಿದ್ದೆನೋ ಅಷ್ಟನ್ನೂ ಒಂದೂ ತಪ್ಪಿಲ್ಲದೆ ಮಾಡಿದೆ. ತಲೆ ಎತ್ತುವಷ್ಟರಲ್ಲಿ ಅವನು ನನ್ನ ಕೈಯನ್ನು ಬೆನ್ನ ಹಿಂದೆ ತಿರುಚಿ, ಕಾಂಪೌಂಡ್ ಗೋಡೆಗೆ ಒತ್ತಿ ಹಿಡಿದಿದ್ದ. “ಕರಾಟೆಯಾ?” ಎಂದು ಕೇಳಿ ನಕ್ಕ. ಆಮೇಲೆ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ನನ್ನ ಕಿರುಚಾಟಕ್ಕೆ ಸಂತೆಯ ಜನ ಓಡಿ ಬಂದರು, ಅವನು ಓಡಿಹೋದ. ಪೊಲೀಸರಿಗೆ ಇನ್ನೂ ಸಿಕ್ಕಿಲ್ಲ, ಸಿಗುವ ಹಾಗೂ ಕಾಣುವುದಿಲ್ಲ.

ಅವನ ಹೆಸರು ನನಗೆ ಗೊತ್ತಿಲ್ಲ. ನಿಮ್ಮದು ಗೊತ್ತು. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಶಿಷ್ಯೆ,
ತೇಜಶ್ರೀ


ಅಡ್ಯಾರ್
20 ಜನವರಿ 2025

ಚಿ. ತೇಜಶ್ರೀಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನನ್ನ ತಾತ ಕೋಲಾರದಿಂದ ಈ ತಮಿಳು ಊರಿಗೆ ಬಂದವರು. ಮನೆಯಲ್ಲಿ ಕನ್ನಡ ಓದಬಲ್ಲವನು ಈಗ ನಾನೊಬ್ಬನೇ ಉಳಿದಿದ್ದೇನೆ. ವೀರೇಶ ಬರೆಯುವುದನ್ನು ಎಂದೋ ಬಿಟ್ಟ, ಈಗ ನನಗೆ ಬರುವ ಕನ್ನಡ ಪತ್ರಗಳೆಂದರೆ ನಿನ್ನವು ಮಾತ್ರ. ಈ ಸಲದ್ದು ಹೀಗೆ ಬಂದಿತಲ್ಲ ಎಂದು ಸಂಕಟವಾಯಿತು.

ಆದರೆ ತೇಜು, ಸಮಾಧಾನದಿಂದ ಯೋಚಿಸು. ಪಟ್ಟು ಕೆಲಸ ಮಾಡಿತು ಎಂದು ನೀನೇ ಬರೆದಿದ್ದೀಯೆ. ಆ ಗಂಡಸು ಮಂಡಿಯೂರಿದ. ಅಂದಮೇಲೆ ವಿದ್ಯೆಯಲ್ಲಿ ದೋಷವಿಲ್ಲ. ಎರಡು ಸಲ ತಟ್ಟಿದರೆ ಬಿಡಬೇಕು ಎನ್ನುವುದು ಜೊತೆಯಲ್ಲಿ ಕಲಿಯುವವರ ಕೈಕಾಲು ಮುರಿಯದಿರಲಿ ಎಂದು. ಬೀದಿಯಲ್ಲಿ ಕೈ ಹಿಡಿದವನನ್ನೂ ಬಿಡು ಎಂದು ನಾನು ಯಾವತ್ತಾದರೂ ಹೇಳಿದ್ದೆನೇ? ಬಿಟ್ಟದ್ದು ನೀನು. ಬೈಯುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ.

ಕೈ ಕೂಡಿದ ಮೇಲೆ ಕ್ಲಾಸಿಗೆ ಬಾ. ಮನಸ್ಸಿನ ಅಳುಕು ಅಭ್ಯಾಸದಿಂದಲೇ ಹೋಗುವುದು. ಮನೆಯಲ್ಲಿ ಮಗಳು ಮೌನ ಕಾಲೇಜಿನಿಂದ ಬಂದವಳೇ “ತೇಜು ಅಕ್ಕ ಎಪ್ಪೋ ವರುವಾಂಗ?” ಎಂದು, ನೀನು ಯಾವಾಗ ಬರುತ್ತೀಯೆಂದು ದಿನವೂ ಕೇಳುತ್ತಾಳೆ. ಬರುತ್ತಾರೆ ಬಿಡಮ್ಮ ಎಂದು ಹೇಳಿಟ್ಟಿದ್ದೇನೆ.

ನಿನ್ನ ಮಾಸ್ಟರ್,
ಭೋಜರಾಜ


ಪಲ್ಲಾವರಂ
2 ಫೆಬ್ರವರಿ 2025

ಮಾಸ್ಟರ್‌ಗೆ, ಶರಣು.

ಬೀದಿಯವನನ್ನು ಬಿಡು ಎಂದು ನೀವು ಹೇಳಲಿಲ್ಲ, ನಿಜ. ಬಿಡಬೇಡ ಎಂದಾದರೂ ಹೇಳಿದಿರಾ? ಹನ್ನೆರಡನೇ ವಯಸ್ಸಿನಿಂದ ನನ್ನ ಕೈಗೆ ಬಿಡುವುದನ್ನು ರೂಢಿ ಮಾಡಿಸಿ, ಈಗ ಬಿಟ್ಟವಳು ನೀನೇ ಎಂದು ಕಾಗದದ ಮೇಲೆ ಕೈ ತೊಳೆದುಕೊಳ್ಳುತ್ತೀರಿ. ನಿಮ್ಮ ಈ ನಯವಾದ ಮಾತಿಗೆ ನನ್ನ ಮೈ ಉರಿಯುತ್ತದೆ.

ಇನ್ನೊಂದು ವಿಷಯ. ಹೋದ ಭಾನುವಾರ ವೀರೇಶ ಮನೆಗೆ ಬಂದಿದ್ದ. ನಮ್ಮ ಹಾವೇರಿ ಕಡೆಯ ಹುಡುಗನೆಂದು ಅವ್ವನಿಗೆ ಅವನ ಮೇಲೆ ಅಕ್ಕರೆ, ರೊಟ್ಟಿ ಬಡಿದು ಹಾಕಿದಳು. ತಿಂದು ಮುಗಿಸಿ ತಟ್ಟೆಯನ್ನೇ ನೋಡುತ್ತ ಕೂತ. ಆಮೇಲೆ ಹೇಳಿದ.

“ತೇಜು, ನೀ ಕೈ ತಿರುವೂದಕ್ಕಿಂತ ಮೊದಲs ನಾ ಬೀಳತಿದ್ದೆ. ಹಂಗ ಬೀಳು ಅಂತ ಮಾಸ್ಟರs ಹೇಳಿದ್ರು. ತಡಾ ಆದ್ರ ನೋಡೋರಿಗೆ ಚಂದ ಕಾಣಂಗಿಲ್ಲ ಅಂತಿದ್ರು.”

ಹಾಗಾದರೆ ಈಗ ನಿಜವಾಗಿ ಹಿಡಿ ಎಂದು ಎಡಗೈ ಚಾಚಿದೆ. ಹಿಡಿದ. ನೀವು ಕಲಿಸಿದ್ದನ್ನೆಲ್ಲ ಒಂದಾದ ಮೇಲೊಂದು ಮಾಡಿದೆ. ಮಾಸ್ಟರ್, ಅವನು ಕಂಬದ ಹಾಗೆ ನಿಂತೇ ಇದ್ದ. ವೇದಿಕೆಯ ಮೇಲೆ ನಾನು ಎಷ್ಟು ಸಲ ಅವನನ್ನು ಎತ್ತಿ ಒಗೆದಿದ್ದೇನೆ, ಎಷ್ಟು ಚಪ್ಪಾಳೆ ತಗೊಂಡಿದ್ದೇನೆ! ಒಂದೂ ನನ್ನದಲ್ಲ. ಕೊನೆಗೆ ಅತ್ತವನು ಅವನೇ. ಅವನನ್ನು ನಾನು ಕ್ಷಮಿಸಿದೆ, ತಾನಾಗಿ ಬಂದು ಹೇಳಿದನಲ್ಲ ಎಂದು.

ಹಾಗಾದರೆ ಆ ಓಣಿಯವನು ಯಾಕೆ ಬಗ್ಗಿದ ಎಂದು ನೀವು ಕೇಳಬಹುದು. ಕುಡಿದಿದ್ದನೋ, ಬೆಚ್ಚಿದನೋ, ನನಗೆ ಗೊತ್ತಿಲ್ಲ. ನನ್ನ ಪಾಲಿಗೆ ಬಂದಿದ್ದ ಒಂದೇ ಒಂದು ಅದೃಷ್ಟ ಅದು. ಅದನ್ನೂ ನಿಮ್ಮ ನಿಯಮದಂತೆ ಬಗ್ಗಿ ವಂದಿಸಿ ಅವನಿಗೇ ವಾಪಸು ಕೊಟ್ಟೆ.

ನಾನು ಕೇಳುವುದು ಇಷ್ಟೇ. ಕ್ಲಾಸಿನ ಹುಡುಗಿಯರನ್ನೆಲ್ಲ ಕೂರಿಸಿಕೊಂಡು ನೀವೇ ಹೇಳಿ: ವೇದಿಕೆಯ ಮೇಲೆ ಮಾಡುವುದು ನೋಡುವವರಿಗಾಗಿ, ಅಲ್ಲಿ ಹಿಡಿಯುವವನು ತಾನಾಗಿ ಬೀಳುತ್ತಾನೆ, ಹೊರಗೆ ಹಿಡಿಯುವವನು ಬೀಳುವುದಿಲ್ಲ ಎಂದು. ಅಷ್ಟು ಹೇಳಿದರೆ ನಾನು ಸುಮ್ಮನಾಗುತ್ತೇನೆ. ಹೇಳದಿದ್ದರೆ ಸುಮ್ಮನಿರುವುದಿಲ್ಲ.

ತೇಜಶ್ರೀ


ಅಡ್ಯಾರ್
17 ಫೆಬ್ರವರಿ 2025

ಚಿ. ತೇಜಶ್ರೀಗೆ ಆಶೀರ್ವಾದಗಳು.

ಉತ್ತರ ತಡವಾಯಿತು. ಮಾರ್ಚ್ ಎಂಟಕ್ಕೆ ಮಹಿಳಾ ದಿನದ ಪ್ರದರ್ಶನ. ಹಾಲ್ ಗೊತ್ತು ಮಾಡುವುದು, ಮಕ್ಕಳ ಅಭ್ಯಾಸ, ಇದರಲ್ಲೇ ಮುಳುಗಿದ್ದೆ. ನಿನ್ನ ಜಾಗದಲ್ಲಿ ಈ ಸಲ ಮೌನ ನಿಲ್ಲುತ್ತಾಳೆ.

ನೀನು ಬರೆದ ಮಾತಿನ ಬಗ್ಗೆ. ಎಲ್ಲ ಕಲೆಯಲ್ಲೂ ಪ್ರದರ್ಶನಕ್ಕೆ ಒಂದು ರೀತಿ ಇರುತ್ತದೆ. ಬೀಳುವವನು ಸರಿಯಾಗಿ ಬೀಳದಿದ್ದರೆ ಅವನ ಮಣಿಕಟ್ಟು ಮುರಿಯುತ್ತದೆ, ಅದನ್ನು ವೀರೇಶನೂ ನಿನಗೆ ಹೇಳಬೇಕಿತ್ತು. ಇರಲಿ. ನನ್ನಲ್ಲಿ ಕಲಿಯಲು ಬರುವ ಹೆಣ್ಣುಮಕ್ಕಳು ಮೊದಲ ದಿನ ತಲೆ ತಗ್ಗಿಸಿಕೊಂಡು ಬರುತ್ತಾರೆ. ಒಂದು ವರ್ಷದಲ್ಲಿ ಬಸ್ಸಿನಲ್ಲಿ ಮೈಮೇಲೆ ಬೀಳುವವನನ್ನು ತಿರುಗಿ ನೋಡಿ ಗದರಿಸುವಂತಾಗುತ್ತಾರೆ. ಅದು ಸುಳ್ಳೇ? ಆ ಧೈರ್ಯ ಎಲ್ಲಿಂದ ಬಂತು? ತನಗೆ ಆಗುತ್ತದೆ ಎಂಬ ನಂಬಿಕೆಯಿಂದ ಬಂತು. ನೀನು ಹೇಳುವಂತೆ ನಾನು ಅವರನ್ನು ಕೂರಿಸಿಕೊಂಡು ನಿಮ್ಮಿಂದ ಏನೂ ಆಗದು ಎಂದರೆ, ಮರುದಿನ ಅವರು ಮತ್ತೆ ತಲೆ ತಗ್ಗಿಸುತ್ತಾರೆ.

ಪ್ರದರ್ಶನ ಮುಗಿಯಲಿ. ಆಮೇಲೆ ನಿಧಾನವಾಗಿ ಕೂತು ಮಾತಾಡೋಣ. ಕೈ ಈಗ ಹೇಗಿದೆ? ನಿನ್ನ ತಾಯಿ ಸುಮಿತ್ರಮ್ಮನವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಾಸ್ಟರ್,
ಭೋಜರಾಜ


ಪಲ್ಲಾವರಂ
24 ಫೆಬ್ರವರಿ 2025

ಮಾಸ್ಟರ್ ಭೋಜರಾಜ ಅವರಿಗೆ,

ಆಫೀಸಿನ ಗೆಳತಿ ನಂದಿತಾ ಒಂದು ಫೋಟೋ ಕಳಿಸಿದಳು. ಅಡ್ಯಾರ್ ಸಿಗ್ನಲ್ ಹತ್ತಿರ ಆಳೆತ್ತರದ ಬ್ಯಾನರ್. ಬ್ಯಾನರಿನಲ್ಲಿ ನಾನು, ಬಿಳಿ ಉಡುಪಿನಲ್ಲಿ ಕಾಲೆತ್ತಿ ನಿಂತಿದ್ದೇನೆ. ಕೆಳಗೆ ತಮಿಳಿನಲ್ಲಿ, ಪಲ್ಲಾವರಂನಲ್ಲಿ ದುಷ್ಟನನ್ನು ಹೊಡೆದೋಡಿಸಿದ ನಮ್ಮ ವೀರ ವಿದ್ಯಾರ್ಥಿನಿ ಎಂದು ಬರೆದಿದೆ. ಅದರ ಕೆಳಗೆ ನಿಮ್ಮ ಫೋನ್ ನಂಬರ್.

ನಾನು ಹೊಡೆದೋಡಿಸಿದೆನೇ? ನನ್ನ ಪತ್ರವನ್ನು ಮೂರು ಸಲ ಓದಿದ್ದೆ ಎಂದಿರಲ್ಲ, ಯಾವ ಸಲ ಓದಿದಾಗ ನಿಮಗೆ ಹಾಗೆ ಕಂಡಿತು?

ಅವ್ವನಿಗೆ ಆ ಫೋಟೋ ತೋರಿಸಬಾರದೆಂದಿದ್ದೆ. ಪಕ್ಕದ ಮನೆಯವರೇ ತೋರಿಸಿದರು. ಇಷ್ಟು ದಿನ ನನಗೆ ತಲೆ ಬಾಚಿ, ಅನ್ನ ಕಲಸಿ ಬಾಯಿಗಿಡುತ್ತ ಒಳಗೊಳಗೇ ಅಳುತ್ತಿದ್ದವಳು, ನಿನ್ನೆ ಊರಿಗೆಲ್ಲ ಫೋನ್ ಹಚ್ಚಿ ಮಗಳ ಪರಾಕ್ರಮ ಹೇಳಿಕೊಂಡಳು. “ನೀ ಯಾಕ ನನಗ ಖರೇ ಹೇಳಲಿಲ್ಲವ್ವಾ? ಓಡಿಸಿದ್ದು ನೀನs ಅಂತಲ್ಲ!” ಎಂದು ನನ್ನ ಗಲ್ಲ ಹಿಡಿದು ಕೇಳಿದಳು. ಅವಳ ಮುಖ ನೋಡಿ ಹೂಂ ಎಂದೆ. ನನ್ನ ಅವ್ವನ ಮುಂದೆ ನನ್ನಿಂದ ಸುಳ್ಳು ಹೇಳಿಸಿದಿರಿ.

ಅವತ್ತು ಆ ಗಂಡಸು ನನ್ನ ಕೈ ಮುರಿದ. ನೀವು ಅದನ್ನು ಬಣ್ಣ ಬಳಿದು ರಸ್ತೆಯಲ್ಲಿ ತೂಗುಹಾಕಿದಿರಿ. ಮುಚ್ಚುಮರೆ ಯಾಕೆ? ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳಬೇಕು ಎನಿಸುತ್ತಿದೆ. ಡಾಕ್ಟರು ಬಲಗೈಗೆಂದು ಕೊಟ್ಟಿರುವ ರಬ್ಬರ್ ಚೆಂಡನ್ನು ಎಡಗೈಯಲ್ಲಿ ಅದುಮುವಾಗಲೆಲ್ಲ ನಿಮ್ಮನ್ನೇ ನೆನೆಯುತ್ತೇನೆ. ಹಿಡಿತ ಚೆನ್ನಾಗಿ ಬಂದಿದೆ.

ತೇಜಶ್ರೀ


ಅಡ್ಯಾರ್
27 ಫೆಬ್ರವರಿ 2025

ಚಿ. ತೇಜಶ್ರೀಗೆ,

ಕೇಳದೆ ಫೋಟೋ ಹಾಕಿಸಿದ್ದು ತಪ್ಪು. ಒಪ್ಪುತ್ತೇನೆ. ಬ್ಯಾನರಿನ ಮಾತು ನಾನು ಬರೆದದ್ದಲ್ಲ, ಪ್ರದರ್ಶನದ ಸಮಿತಿಯವರು ಬರೆಸಿದ್ದು. ನೋಡಿದ ಮೇಲೆ ತೆಗೆಸಬಹುದಿತ್ತು, ತೆಗೆಸಲಿಲ್ಲ. ನೀನು ಅವನನ್ನು ಎದುರಿಸಿ ನಿಂತದ್ದು ನಿಜ ತಾನೇ, ಒಂದೆರಡು ಮಾತು ಆಚೀಚೆ ಆದರೆ ಪರವಾಯಿಲ್ಲ ಎಂದುಕೊಂಡೆ.

ನಿನ್ನ ಸಿಟ್ಟು ನನಗೆ ಹೊಸದೇನಲ್ಲ. ಹಳದಿ ಬೆಲ್ಟಿನಲ್ಲಿ ಫೇಲ್ ಮಾಡಿದಾಗ ವಾರವಿಡೀ ನನ್ನ ಕಡೆ ತಿರುಗದೆ ಗೋಡೆಗೆ ವಂದಿಸಿದವಳು ನೀನು. ಆಮೇಲೆ ನೀನೇ ಸರಿಹೋದೆ. ಈಗಲೂ ಹೋಗುತ್ತೀಯೆ.

ಎಂಟನೇ ತಾರೀಕು ನಿನಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದಿದೆ. ಒಂದೇ ಒಂದು ಸಲ ವೇದಿಕೆಗೆ ಬಾ, ಕಣ್ಣಾ. ತಂದೆ ತಾಯಂದಿರೆಲ್ಲ ನಿನ್ನನ್ನು ನೋಡಲೆಂದೇ ಬರುತ್ತಿದ್ದಾರೆ.

ಭೋಜರಾಜ


ಪಲ್ಲಾವರಂ
2 ಮಾರ್ಚ್ 2025

ಮಾಸ್ಟರ್‌ಗೆ,

ಬರುತ್ತೇನೆ. ಒಂದು ಷರತ್ತು. ಮೌನ ಪಟ್ಟು ತೋರಿಸುವಾಗ ಅವಳ ಮಣಿಕಟ್ಟು ಹಿಡಿಯುವವಳು ನಾನು, ವೀರೇಶನಲ್ಲ. ನನ್ನ ಬಲಗೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ಎಡಗೈಯಲ್ಲಿ ಹಿಡಿಯುತ್ತೇನೆ, ಒಂದೇ ಕೈ.

ನಿಮಗೆ ನಿಮ್ಮ ವಿದ್ಯೆಯ ಮೇಲೆ ನಂಬಿಕೆಯಿದೆಯಲ್ಲ. ಇದ್ದರೆ ಹೂಂ ಎನ್ನಿ.

ತೇಜಶ್ರೀ


ಅಡ್ಯಾರ್
4 ಮಾರ್ಚ್ 2025

ಹೂಂ. ಉಡುಪು ಇಸ್ತ್ರಿ ಮಾಡಿಸಿಕೊಂಡು ಬಾ. ಮೌನಳಿಗೆ ಹೇಳಿದೆ, ಕುಣಿದಾಡುತ್ತಿದ್ದಾಳೆ.

ಭೋಜರಾಜ


ಪಲ್ಲಾವರಂ
9 ಮಾರ್ಚ್ 2025

ಮಾಸ್ಟರ್ ಭೋಜರಾಜ ಅವರಿಗೆ,

ನಿನ್ನೆ ನೀವೂ ವೇದಿಕೆಯ ಮೇಲೇ ಇದ್ದಿರಿ. ಆದರೂ ಬರೆಯುತ್ತೇನೆ, ನಿಮ್ಮ ಮುಖ ನಿಮಗೆ ಕಾಣಲಿಲ್ಲ, ನನಗೆ ಕಂಡಿತು.

ಶಾಲು ಹೊದಿಸಿದಿರಿ. ಮೈಕಿನಲ್ಲಿ ನನ್ನನ್ನು ಹೊಗಳಿದಿರಿ. ಮೊದಲ ಸಾಲಿನಲ್ಲಿ ಅವ್ವ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಆಮೇಲೆ ಮೌನ ಕೈ ಚಾಚಿದಳು. ನಾನು ಹಿಡಿದೆ. ನನ್ನನ್ನು ನೋಡಿ ನಕ್ಕಳು, ಪಾಪ. ನೀವು ಕಲಿಸಿದ ಹಾಗೆ ಚೆಂದವಾಗಿ ತಿರುಗಿದಳು. ನಾನು ಬೀಳಲಿಲ್ಲ. ಏನೋ ತಪ್ಪಿತೆಂದುಕೊಂಡು ಮತ್ತೆ ತಿರುಗಿದಳು. ನೀವು ಮೈಕಿನಲ್ಲಿ ಇನ್ನೊಂದು ಸಲ ನೋಡೋಣ ಎಂದಿರಿ. ಹಿಂದೆ ಸಂಗೀತ ಬೇರೆ ಮೊಳಗುತ್ತಿತ್ತು. ಮೂರನೇ ಸಲ ಅವಳ ಕಣ್ಣಿನಲ್ಲಿ ನಗು ಇರಲಿಲ್ಲ. ನನ್ನ ತೋಳಿನ ಮೇಲೆ ಎರಡು ಸಲ ತಟ್ಟಿದಳು. ನಾನು ಇನ್ನೂ ಗಟ್ಟಿಯಾಗಿ ಹಿಡಿದೆ.

“ಅಕ್ಕಾ, ತಟ್ಟಿಟ್ಟೇನೇ” ಎಂದಳು ಮೆಲ್ಲಗೆ, ತಟ್ಟಿದೆನಲ್ಲ ಎಂದು ನನಗೇ ನೆನಪಿಸುವಂತೆ. ಹತ್ತೊಂಬತ್ತು ವರ್ಷದ ಹುಡುಗಿ, ಲೋಕದಲ್ಲಿ ಎಲ್ಲರೂ ಆ ನಿಯಮಕ್ಕೆ ಬದ್ಧರು ಎಂದುಕೊಂಡಿದ್ದಳು. ಆದರೂ ಬಿಡಲಿಲ್ಲ. ಆಮೇಲೆ ಅವಳು “ಅಪ್ಪಾ” ಎಂದು ಕಿರುಚಿದಳು.

ನೀವು ಮೈಕು ಎಸೆದು ಬಂದಿರಿ. ಬರುವುದನ್ನು ನೋಡುತ್ತ ನಿಂತಿದ್ದೆ. ಇಷ್ಟು ವರ್ಷ ಕಪ್ಪು ಬೆಲ್ಟ್ ಕಟ್ಟಿದವರು, ಯಾವ ಪಟ್ಟು ಹಾಕುತ್ತಾರೆ ನೋಡೇಬಿಡೋಣ ಎನಿಸಿತ್ತು. ನೀವು ನನ್ನ ಜಡೆ ಹಿಡಿದು ಜಗ್ಗಿದಿರಿ. ಕಿವಿಯ ಮೇಲೆ ಬಾರಿಸಿದಿರಿ. ಹಿಮ್ಮಡಿಯಿಂದ ನನ್ನ ಕಾಲ್ಬೆರಳು ತುಳಿದಿರಿ. ನಾನು ಬಿಡದಿದ್ದಾಗ ಪ್ಲೇಟು ಹಾಕಿದ ಮೊಳಕೈಗೇ ಕೈ ಹಾಕಿದಿರಿ. ಆಗ ಬಿಟ್ಟೆ. ಇಡೀ ಹಾಲಿನಲ್ಲಿ ಎಲ್ಲರ ಫೋನುಗಳೂ ವಿಡಿಯೋ ತೆಗೆಯುತ್ತ ಮೇಲಿದ್ದವು.

ಒಂದೂ ಪಟ್ಟು ಇರಲಿಲ್ಲ, ಮಾಸ್ಟರ್. ಬೀದಿ ಜಗಳದಲ್ಲಿ ಯಾರು ಬೇಕಾದರೂ ಮಾಡುವುದನ್ನು ಮಾಡಿದಿರಿ. ಅದರಿಂದ ನಿಮ್ಮ ಮಗಳು ಬಿಡಿಸಿಕೊಂಡಳು. ಮಗಳನ್ನು ಬಿಡಿಸಬೇಕಾದಾಗ ನಿಮಗೆ ಬಂದ ವಿದ್ಯೆ ಅದು. ಅದನ್ನು ನಮಗೆ ಯಾಕೆ ಕಲಿಸಲಿಲ್ಲ? ನಾವು ನಿಮ್ಮ ಮಕ್ಕಳಲ್ಲವೆಂದೇ?

ನನ್ನ ಜಡೆಯ ಬುಡದಲ್ಲಿ ಕೂದಲು ಕಿತ್ತುಬಂದಿದೆ. ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ, ಓಣಿಯಲ್ಲಿ ಬಗ್ಗಿ ವಂದಿಸಿದ್ದನ್ನೂ. ಎಣ್ಣೆ ಹಚ್ಚುತ್ತ ಮೊದಲು ನನಗೆ ಬೈದಳು, ಆಮೇಲೆ ನಿಮಗೆ. ಡಿಸೆಂಬರ್‌ನಿಂದ ಈಚೆಗೆ ನಿನ್ನೆಯೇ ನನಗೆ ಕಣ್ತುಂಬ ನಿದ್ದೆ ಬಂದದ್ದು. ಮೌನಳ ಮಣಿಕಟ್ಟು ಬಾತಿರಬೇಕು. ಅವಳ ಕ್ಷಮೆ ಕೇಳುತ್ತೇನೆ. ನಿಮ್ಮದು ಕೇಳುವುದಿಲ್ಲ.

ತೇಜಶ್ರೀ


ಅಡ್ಯಾರ್
30 ಮಾರ್ಚ್ 2025

ತೇಜಶ್ರೀಗೆ,

ಬ್ಯಾನರ್ ತೆಗೆಸಿದೆ. ಕ್ಲಾಸಿಗೆ ಬರುವವರು ಕಡಿಮೆಯಾಗಿದ್ದಾರೆ. ಬಂದವರೂ ಪಟ್ಟು ಹೇಳಿಕೊಡುವಾಗ ನನ್ನ ಕೈ ನೋಡುವುದಿಲ್ಲ, ಮುಖ ನೋಡುತ್ತಾರೆ. ನಿನ್ನ ಮೇಲೆ ದೂರು ಕೊಡು ಎಂದು ಸಮಿತಿಯವರು ಒತ್ತಾಯಿಸಿದರು. ಯಾರ ಮೇಲೆ, ಏನೆಂದು ಕೊಡಲಿ? ಹೊಡೆದವನು ನಾನು.

ಇದನ್ನು ನಿನಗೆ ತಿಳಿಸಲೆಂದು ಬರೆಯುತ್ತಿಲ್ಲ. ಪ್ರದರ್ಶನದ ಮರುದಿನ ಮೌನ ನನ್ನೆದುರು ಕೂತು, “ಅಪ್ಪಾ, ಉಂಗಳುಕ್ಕು ಮುನ್ನಾಡಿಯೇ ತೆರಿಯುಮಾ?” ಎಂದಳು. ನಿಮಗೆ ಮೊದಲೇ ಗೊತ್ತಿತ್ತಾ ಎಂದು. ತೇಜು, ನಿನಗೆ ಕೊಟ್ಟ ಉತ್ತರಗಳೆಲ್ಲ ಬಾಯಿಗೆ ಬಂದವು. ಕಲೆ, ಧೈರ್ಯ, ನಂಬಿಕೆ, ಎಲ್ಲವೂ. ಅವಳ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಗೊತ್ತಿತ್ತು ಎಂದೆ.

ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ತಟ್ಟೆ ತೆಗೆದುಕೊಂಡು ಬೇರೆ ಕೋಣೆಗೆ ಹೋಗುತ್ತಾಳೆ. ನೀನು ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದು ಅವಳ ತಾಯಿಯಿಂದ ತಿಳಿಯಿತು. ಈಗ ನಿನ್ನ ಹತ್ತಿರವೇ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಿನ್ನ ಸೇಡು ಪೂರ್ತಿಯಾಯಿತು ಎಂದುಕೋ. ಅವಳನ್ನು ಕಳಿಸಲಾ?

ಭೋಜರಾಜ


ಪಲ್ಲಾವರಂ
4 ಏಪ್ರಿಲ್ 2025

ಭೋಜರಾಜ ಅವರಿಗೆ,

ಕಳಿಸಿ. ಭಾನುವಾರ ಬೆಳಿಗ್ಗೆ ನಮ್ಮ ತಾರಸಿಗೆ ಬರಲಿ. ಬಿಳಿ ಉಡುಪು ಬೇಡ. ಕಾಲೇಜಿಗೆ ಹೋಗುವ ಬಟ್ಟೆ, ಅದೇ ಚಪ್ಪಲಿ, ಹೆಗಲಿಗೆ ಪುಸ್ತಕದ ಬ್ಯಾಗು.

ನನಗೆ ಹೆಚ್ಚೇನೂ ಬರುವುದಿಲ್ಲ. ಕೂಗುವುದು, ಕಚ್ಚುವುದು, ಕೈ ಬಿಟ್ಟ ಕ್ಷಣ ಹಿಂದೆ ನೋಡದೆ ಜನರಿರುವ ಕಡೆ ಓಡುವುದು. ಕೆಲವು ಸಲ ಅದರಿಂದಲೂ ಆಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಸೇಡು ಪೂರ್ತಿಯಾಯಿತೇ ಎಂದರೆ, ಇಲ್ಲ. ರಾತ್ರಿ ಮೊಳಕೈ ನೊಂದಾಗ ಈಗಲೂ ನಿಮ್ಮನ್ನು ಬೈಯುತ್ತೇನೆ.

ಒಂದು ತೊಂದರೆ ಇದೆ. ಅವಳನ್ನು ಹಿಡಿಯಲು ಒಬ್ಬ ಗಂಡಸು ಬೇಕು, ನನ್ನ ಹಿಡಿತ ಸಾಲದು. ವೀರೇಶನನ್ನು ನನ್ನ ಮೇಲೇ ಪರೀಕ್ಷೆ ಮಾಡಿ ನೋಡಿದೆ. ಜೋರಾಗಿ ಒಂದು ಸಲ ಕಿರುಚಿದ್ದಕ್ಕೆ ಕೈ ಬಿಟ್ಟು ದೂರ ನಿಂತ. ಅತ್ತುಕೊಂಡ ಮೇಲೆ ಅವನು ಮೆತ್ತಗಾಗಿದ್ದಾನೆ, ಅವನಿಂದ ಈ ಕೆಲಸ ಆಗದು.

ನೀವು ಬನ್ನಿ. ಬಂದು ನಿಮ್ಮ ಮಗಳ ಕೈಯನ್ನು ಅವಳು ಬಿಡಿಸಿಕೊಳ್ಳುವವರೆಗೆ ಹಿಡಿಯಿರಿ. ಅವಳು ಅಳುತ್ತಾಳೆ. ಅಪ್ಪಾ ಎನ್ನುತ್ತಾಳೆ. ಆ ಓಣಿಯಲ್ಲಿ ಅವನು ನನ್ನನ್ನು ಹಿಡಿದ ಹಾಗೆ ನೀವು ಅವಳನ್ನು ಹಿಡಿದಿರಬೇಕು. ಆಗುವುದಾದರೆ ಅವಳ ಜೊತೆಗೇ ಬನ್ನಿ.

ತೇಜಶ್ರೀ